ಕಂಡೆನ್ಸರಿನ ನಡುವಿನ ಸಂದು

ಬಿ.ಎಸ್ಸಿ.ಯಲ್ಲಿ ನಮಗೆ ವಿದ್ಯುತ್ತು, ಕಾಂತತ್ವ ಕಲಿಸಿದ ಮೇಷ್ಟ್ರು ಯಶವಂತಪುರದವರು. ಏನು ಹೇಳಿದರೂ ಮೇಜಿನ ಮೇಲೆ ಮಾಡಿ ತೋರಿಸುತ್ತಿದ್ದರು. ಒಂದು ದಿನ ಬಲ್ಬಿಗೆ ಹೋಗುವ ತಂತಿಯ ನಡುವೆ ಕಂಡೆನ್ಸರ್ ಸೇರಿಸಿ ಎ.ಸಿ. ಕರೆಂಟು ಕೊಟ್ಟರು. ಬಲ್ಬು ಹತ್ತಿತು. ಕಂಡೆನ್ಸರಿನೊಳಗಿನ ಎರಡು ಲೋಹದ ಹಾಳೆಗಳು ಒಂದಕ್ಕೊಂದು ತಾಗುವುದೇ ಇಲ್ಲ ಎಂದು ಅವರೇ ಹಿಂದಿನ ವಾರ ಹೇಳಿದ್ದರು.

"ಒಂದು ಹಾಳೆ ತುಂಬುತ್ತೆ, ಇನ್ನೊಂದು ಖಾಲಿಯಾಗುತ್ತೆ, ಆಮೇಲೆ ಅದೇ ತಿರುಗಾಮುರುಗಾ. ಪರೀಕ್ಷೆಗೆ ಇಷ್ಟು ಸಾಕು," ಎಂದರು.

ನಾನು ಎದ್ದು ನಿಂತೆ. "ತಂತಿ ಸುತ್ತ ಕಾಂತಕ್ಷೇತ್ರ ಇರುತ್ತೆ ಅಂದ್ರಿ ಸಾರ್. ಆ ಹಾಳೆಗಳ ನಡುವಿನ ಸಂದಿನ ಸುತ್ತಲೂ ಇರುತ್ತಾ?"

ಅವರು ಬಲ್ಬಿನ ಸ್ವಿಚ್ಚು ಆರಿಸಿ, "ಅದು ಎಂ.ಎಸ್ಸಿ. ಪಾಠ ಕಣಮ್ಮ," ಎಂದರು.

ಎಂ.ಎಸ್ಸಿ. ಸೇರಿದೆ. ಅಲ್ಲಿ ಬಲ್ಬೂ ಇಲ್ಲ, ಅಯಸ್ಕಾಂತವೂ ಇಲ್ಲ. ಮೊದಲ ದಿನವೇ ಬೋರ್ಡಿನ ಮೇಲೆ ನಾಲ್ಕು ಸಮೀಕರಣ. ಬಿ.ಎಸ್ಸಿ.ಯಲ್ಲಿ ಬಿಡಿಬಿಡಿಯಾಗಿ ಉರು ಹೊಡೆದಿದ್ದೆಲ್ಲ ಅವುಗಳಿಂದಲೇ ಹೊರಬರುತ್ತಿತ್ತು. ಕೆಲವು ವಾರಗಳ ಮೇಲೆ ನನ್ನ ಸಂದು ಬಂತು. ತಂತಿ ಇಲ್ಲದಿದ್ದರೂ ಅಲ್ಲಿ ಬದಲಾಗುವ ವಿದ್ಯುತ್ ಕ್ಷೇತ್ರವೇ ಕಾಂತಕ್ಷೇತ್ರ ಹುಟ್ಟಿಸುತ್ತದಂತೆ. ಇದನ್ನು ಬಿಟ್ಟರೆ ಲೆಕ್ಕ ಕೂಡುವುದಿಲ್ಲ. ಸೇರಿಸಿದರೆ ಬೆಳಕೂ ಈ ಎರಡು ಕ್ಷೇತ್ರಗಳ ಅಲೆಯೇ ಎಂಬುದು ಅದರಿಂದಲೇ ಹೊರಬರುತ್ತದೆ.

ಆ ಭಾನುವಾರ ಯಲಹಂಕದಲ್ಲಿ ರೈಲು ಹತ್ತಿ ಮೇಷ್ಟ್ರ ಮನೆಗೆ ಹೋದೆ. ಜಗಲಿಯಲ್ಲಿದ್ದರು. ನಾನು ಹೇಳಿದ್ದನ್ನು ಕೇಳಿ ಒಳಗಿನಿಂದ ಕಾಗದ ತಂದರು.

"ಬರೆದು ತೋರಿಸಮ್ಮ. ನಾನು ಎಂ.ಎಸ್ಸಿ. ಓದಿಲ್ಲ, ಲ್ಯಾಬಿನ ಕೆಲಸಕ್ಕೆ ಸೇರಿ ಪಾಠಕ್ಕೆ ಬಂದವನು. ಅವತ್ತು ನನಗೂ ಗೊತ್ತಿರ್ಲಿಲ್ಲ."

ಬರೆಯತೊಡಗಿದೆ. ಮೊದಲ ಸಾಲಿನಲ್ಲೇ ಬೆರಳಿಟ್ಟು, "ಇದೇನು?" ಎಂದರು.

"ಕರ್ಲ್ ಅಂತಾರೆ ಸಾರ್."

"ಹೆಸರು ಇರ್ಲಿ. ಅದು ಏನ್ ಕೇಳುತ್ತೆ?"

ಅದನ್ನು ಹಾಕಿ ಎಷ್ಟೋ ಲೆಕ್ಕ ಮಾಡಿದ್ದೆ, ಅದು ಏನೆಂದು ಯೋಚಿಸಿರಲಿಲ್ಲ. ಕ್ಷೇತ್ರ ಒಂದೊಂದು ಜಾಗದಲ್ಲಿ ಹೇಗೆ ಸುತ್ತುತ್ತದೆ ಎಂದು ತಿಳಿದಷ್ಟನ್ನು ತಡವರಿಸಿಕೊಂಡು ವಿವರಿಸಿದೆ. ಮೇಷ್ಟ್ರು ಹಿತ್ತಲಿಗೆ ಕರೆದುಕೊಂಡು ಹೋಗಿ, ತೊಟ್ಟಿಯ ನೀರನ್ನು ಕೈಯಿಂದ ಕಲಕಿ, ಒಂದು ಒಣಗಿದ ಎಲೆ ಬಿಟ್ಟರು. ಎಲೆ ತೇಲುತ್ತಾ ತನ್ನಷ್ಟಕ್ಕೆ ಗಿರ್ರನೆ ತಿರುಗಿತು.

"ಈ ಜಾಗದಲ್ಲಿ ಎಲೆ ಇಟ್ರೆ ತಿರುಗುತ್ತಾ, ಎಷ್ಟು ತಿರುಗುತ್ತೆ ಅಂತ ಕೇಳೋದಾ?"

"ಹೌದು ಸಾರ್," ಎಂದೆ. ನನಗೆ ಅದು ಅರ್ಥವಾಗಿದ್ದು ಆಗಲೇ.

ಹೀಗೆ ನಾಲ್ಕು ಭಾನುವಾರ ಕೂತೆವು. ಐದನೆಯದಕ್ಕೆ ಅವರೇ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿ ಆರುತ್ತಿದ್ದರೂ ಮುಟ್ಟಲಿಲ್ಲ.

"ಬೆಳಕೂ ಇದರಲ್ಲೇ ಇದ್ದ ಮೇಲೆ, ಇಷ್ಟು ವರ್ಷ ಅದನ್ನ ಬೇರೆ ಪುಸ್ತಕ ಇಟ್ಕೊಂಡು ಬೇರೆ ಪೀರಿಯಡ್‌ನಲ್ಲಿ ಯಾಕೆ ಪಾಠ ಮಾಡ್ದೆ?" ಎಂದು ಕೇಳಿ ನಕ್ಕರು. ಆಮೇಲೆ ತಾವೇ ಲೆಕ್ಕ ಬರೆದು ಮಡಚಿ ತಂದಿದ್ದ ಕಾಗದ ಬಿಡಿಸಿದರು.