ಕೊಟ್ಟಿಗೆಗೆ ಬಂದ ಲೇತು

ಟ್ರಾಕ್ಟರಿನಲ್ಲಿ ಗೊಬ್ಬರದ ಮೂಟೆ ಬರುತ್ತದೆ ಎಂದುಕೊಂಡು ನಾನು ಕೊಟ್ಟಿಗೆಯ ಬಾಗಿಲು ತೆಗೆದಿಟ್ಟಿದ್ದೆ. ಬಂದದ್ದು ಲೇತು, ಕಬ್ಬಿಣ ಕಡೆಯುವ ಮಿಷನ್. ಟಿ. ನರಸೀಪುರದಲ್ಲಿ ಕಬ್ಬಿನ ಗಾಣ ರಿಪೇರಿ ಮಾಡುತ್ತಿದ್ದ ವರ್ಕ್‌ಶಾಪೊಂದು ಮುಚ್ಚಿಹೋಗಿ, ಅದರ ಹಿತ್ತಲಿನಲ್ಲಿ ಎಷ್ಟೋ ಮಳೆಗಾಲ ನೆನೆದು ಬಿದ್ದಿದ್ದ ಕಬ್ಬಿಣ ಅದು. ಒಂದು ಕಡೆ ಬಳ್ಳಿ ಹಬ್ಬಿತ್ತು, ಇನ್ನೊಂದು ಕಡೆ ಇರುವೆ ಗೂಡು ಕಟ್ಟಿತ್ತು. ಆರು ಜನ ಗಂಡಸರು ಹಗ್ಗ ಬಿಗಿದು, ನೆಲಕ್ಕೆ ನೀರಿನ ಪೈಪುಗಳನ್ನು ಹಾಸಿ, ಅವುಗಳ ಮೇಲೆ ಉರುಳಿಸುತ್ತ ಅದನ್ನು ಒಳಗೆ ತಳ್ಳಿದರು. ಹಿಂದೆಯೇ ನಮ್ಮ ಮನೆಯವರು, ಮದುವೆ ಗಂಡಿನ ಹಾಗೆ ಮುಖ ಅರಳಿಸಿಕೊಂಡು.

ನಾನು ಅಲ್ಲೇ ಶುರು ಮಾಡಿದೆ.

"ಎರಡು ಬೆರಳು ತಿಂದಿದ್ದು ಸಾಲ್ದಾ? ಮಿಕ್ಕಿದ್ದೂ ತಿನ್ಲಿ ಅಂತ ಮನೆಗೇ ಕರ್ಕೊಂಡ್ ಬಂದ್ರಾ?"

"ಮೆಲ್ಲುಕ್ಕೆ ಮಾತಾಡಮ್ಮಿ, ಜನ ಅವ್ರೆ."

"ಮೆಲ್ಲುಕ್ಕೆ ಮಾತಾಡುದ್ರೆ ನಿಮ್ಗೆ ಕೇಳ್ತದಾ?"

ಹಗ್ಗ ಬಿಚ್ಚುತ್ತಿದ್ದವರು ನಕ್ಕರು. ನನ್ನ ಬಾಯಿ ಜೋರು ಅನ್ನುವುದು ಊರಿಗೇ ಗೊತ್ತು, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ಆವತ್ತು ನಾನು ಕೂಗಿದ್ದು ಕೋಪಕ್ಕಲ್ಲ, ಭಯಕ್ಕೆ. ಹೆದರಿಕೆಯಾದಾಗ ನನಗೆ ಅಳು ಬರುವುದಿಲ್ಲ, ಬೈಗುಳ ಬರುತ್ತದೆ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಮ್ಮದು ಚಿಕ್ಕಯ್ಯನಛತ್ರದ ಪಕ್ಕದ ಹಳ್ಳಿ. ನಮ್ಮ ಮನೆಯವರು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಟರ್ನರ್ ಆಗಿದ್ದರು. ಲೇತಿನ ಮುಂದೆ ನಿಂತು ಕಬ್ಬಿಣ ಕಡೆಯುವುದೇ ಕೆಲಸ. ಅಲ್ಲಿನ ಸದ್ದಿಗೆ ಕಿವಿ ಅರ್ಧ ಹೋಯಿತು. ಆಮೇಲೆ ಒಂದು ದಿನ ಅಲ್ಲಿನ ಲೇತು ಬಲಗೈಯ ಎರಡು ಬೆರಳನ್ನು ಬುಡದಿಂದ ಕಿತ್ತುಕೊಂಡಿತು. ಗಾಯ ಮಾಯ್ದ ಮೇಲೆ ಮತ್ತೆ ಮಿಷನ್ ಮುಂದೆ ನಿಲ್ಲಿಸಲಿಲ್ಲ, ಸ್ಟೋರಿನಲ್ಲಿ ನಟ್ಟು ಬೋಲ್ಟು ಎತ್ತಿಕೊಡಲು ಹಾಕಿದರು. ಸ್ವಲ್ಪ ಕಾಲ ಹಲ್ಲು ಕಚ್ಚಿಕೊಂಡು ಇದ್ದು, ಕೆಲಸ ಬಿಟ್ಟು ಊರಿಗೆ ಬಂದು ಗದ್ದೆಗೆ ಇಳಿದರು.

ಹೇಗಾಯಿತು ಅಂತ ಯಾರು ಕೇಳಿದರೂ ಒಂದೇ ಉತ್ತರ: "ನಂದೇ ತಪ್ಪು. ಗ್ಯಾನ ಇರ್ನಿಲ್ಲ." ನಾನೂ ಅದನ್ನೇ ನಂಬಿದ್ದೆ.

ಬೆರಳಿಗಿಂತ ಹೆಚ್ಚಾಗಿ ಹೋದದ್ದು ನಾಲ್ಕು ಜನರ ಮುಂದೆ ತಲೆ ಎತ್ತುವ ಧೈರ್ಯ. ಬಲಗೈ ಮೇಲೆ ಯಾವಾಗಲೂ ಒಂದು ಟವೆಲ್. ಸೋಸಲೆಯಲ್ಲಿ ನಮ್ಮಕ್ಕನ ಮಗಳ ಮದುವೆಯಾದಾಗ ಪಂಕ್ತಿಗೆ ಕೂರಲೇ ಇಲ್ಲ. ಹೊಟ್ಟೆ ಸರಿಯಿಲ್ಲ ಅಂದರು. ಎಲ್ಲರ ಊಟ ಮುಗಿದ ಮೇಲೆ ನಾನು ಹುಡುಕಿಕೊಂಡು ಹೋದರೆ, ಛತ್ರದ ಹಿಂದೆ ನೀರಿನ ತೊಟ್ಟಿಯ ಮರೆಯಲ್ಲಿ ಗೋಡೆ ಕಡೆ ತಿರುಗಿ ಎಲೆ ಇಟ್ಟುಕೊಂಡು ಕೂತಿದ್ದರು. ನಾನು ಕಂಡೂ ಕಾಣದ ಹಾಗೆ ವಾಪಸ್ ಬಂದೆ.

ಆದ್ದರಿಂದಲೇ ಆ ಲೇತನ್ನು ಆವತ್ತೇ ಹೊರಗೆ ಹಾಕಿಸಲಿಲ್ಲ. ಹಾಕಿಸಬೇಕು ಅಂತಲೇ ಕೊಟ್ಟಿಗೆಗೆ ನುಗ್ಗಿದ್ದೆ. ಇವರು ಟವೆಲನ್ನು ಮೊಳೆಗೆ ನೇತುಹಾಕಿ, ಆ ಮೂರು ಬೆರಳಿನ ಕೈಯಲ್ಲೇ ತುಕ್ಕನ್ನು ಸವರುತ್ತಿದ್ದರು.

"ತುಕ್ಕು ಮೇಲ್ಗಡೆ ಕಣಮ್ಮಿ. ಒಳಗೆ ಜೀವ ಅದೆ."

ಮಾಡ್ಕೊಳ್ಳಿ ಅಂದೆ. ಆದರೆ ಕಾವಲಿಗೆ ನಾನು ಕೂರುತ್ತೇನೆ ಅಂದೆ. ಅವತ್ತಿನಿಂದ ನನ್ನ ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು, ಎಲ್ಲ ಕೊಟ್ಟಿಗೆಯ ಹೊಸ್ತಿಲ ಮೇಲೆ.

ಮನೆಯ ಸೀಮೆಎಣ್ಣೆಯೆಲ್ಲ ಅದರ ಹೊಟ್ಟೆಗೆ ಹೋಯಿತು. ಒಂದೊಂದು ಭಾಗ ಬಿಚ್ಚಿ ಬಾಂಡಲಿಯಲ್ಲಿ ನೆನೆಹಾಕುವುದು, ತಂತಿ ಬ್ರಷ್‌ನಲ್ಲಿ ಉಜ್ಜುವುದು, ಎಮರಿ ಪೇಪರ್ ತಿಕ್ಕುವುದು, ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿಯುವುದು. ಅದರ ಜೊತೆಗೆ ಬಂದಿದ್ದ ಗೋಣಿಚೀಲದ ತುಂಬ ಹಳೆಯ ಟೂಲುಗಳು, ಅವನ್ನೂ ಸಾಣೆ ಕಲ್ಲಿಗೆ ಹಿಡಿದು ಹರಿತ ಮಾಡಿದರು. ಎಲ್ಲಕ್ಕಿಂತ ಸತಾಯಿಸಿದ್ದು ಚಕ್ಕು. ಕೆಲಸದ ಕಬ್ಬಿಣವನ್ನು ಕಚ್ಚಿ ಹಿಡಿದು ಗಿರ್ರನೆ ತಿರುಗುವ ದಪ್ಪ ಬಾಯಿ ಅದು. ಹಳೆಯ ಲೇತಿನಲ್ಲಿ ಅದನ್ನು ಶೀಸೆಯ ಮುಚ್ಚಳದ ಹಾಗೆ ತಿರುಪಿ ಕೂರಿಸಿರುತ್ತಾರೆ. ತುಕ್ಕಿಗೆ ಅದು ಕಚ್ಚಿಕೊಂಡು ಜಪ್ಪಯ್ಯ ಅನ್ನಲಿಲ್ಲ. ಕಾಯಿಸಿದರು, ಎಣ್ಣೆ ಬಿಟ್ಟರು. ಕೊನೆಗೆ ನನಗೆ ಹೇಳದೆ ಕೇಳದೆ ನನ್ನ ಒನಕೆ ತಂದು ಅದರಿಂದ ಗುದ್ದಿದರು. ಚಕ್ಕು ಬಿಟ್ಟುಕೊಂಡಿತು. ಒನಕೆಯ ತುದಿಯ ಕಬ್ಬಿಣದ ಬಳೆ ಎರಡು ಹೋಳಾಯಿತು.

"ನಮ್ಮವ್ವ ಕೊಟ್ಟಿದ್ದು ಕಣ್ರೀ ಅದು!"

"ಓಗ್ಲಿ ಬುಡು, ಮಿಷನ್ ಓಡ್ಲಿ, ಹೊಸ ಬಳೆ ಮಾಡ್ಕೊಡ್ತೀನಿ."

ಚಕ್ಕನ್ನು ತಿರುಗಿ ಕೂರಿಸುವಾಗ ನನ್ನನ್ನು ಕರೆದು ತೋರಿಸಿದರು. "ಯಾವತ್ತೂ ಇದರ ನೆತ್ತಿ ನಮ್ಮ ಕಡೀಕೇ ತಿರುಗ್ಬೇಕು. ಆ ಕಡೀಕೆ ತಿರುಗುದ್ರೆ ಬಿಚ್ಕೋತದೆ. ಬಿಚ್ಕೊಂಡ್ರೆ ಗೋಡೆ ತೂತು ಮಾಡ್ಕೊಂಡು ಓಯ್ತದೆ." ಕೈಯಲ್ಲಿ ತಿರುಗಿಸಿ ತೋರಿಸಿದ್ದು ನನ್ನ ಕಣ್ಣಿನಲ್ಲಿ ಕೂತುಬಿಟ್ಟಿತು. ಆಮೇಲಾಮೇಲೆ ಅವರು ಅದನ್ನು ತಿರುಗಿಸಿದಾಗಲೆಲ್ಲ, ನಮ್ಮ ಕಡೆಗೇ ತಾನೆ, ನಮ್ಮ ಕಡೆಗೇ ತಾನೆ, ಅಂತ ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಕರೆಂಟ್ ಆಫೀಸಿಗೆ ಅಲೆದು ಮೂರು ಫೇಸಿನ ಲೈನ್ ಹಾಕಿಸಿದರು. ನಾಲೆ ನೀರು ಬಂದ ಮೇಲೆ ನಮ್ಮ ಬಾವಿಯ ಪಂಪು ಮೂಲೆ ಸೇರಿತ್ತು, ಅದರ ಸ್ಟಾರ್ಟರನ್ನೇ ಕೊಟ್ಟಿಗೆಯ ಒಳಗೋಡೆಗೆ ಹೊಡೆದರು. ಹಸಿರು ಗುಂಡಿ ಒತ್ತಿದರೆ ಓಟ, ಕೆಂಪು ಒತ್ತಿದರೆ ನಿಲುಗಡೆ. ಎಲ್ಲ ತಯಾರಾಗಿ, ನಾಳೆ ಓಡಿಸುವುದು ಅನ್ನುವಾಗ ಗಾಳಿ ಮಳೆ ಬಂದು ಲೈನಿನ ಮೇಲೆ ಮರ ಬಿತ್ತು. ಊರಿಗೆ ಊರೇ ಕತ್ತಲು. ಇವರಿಗೆ ಊಟ ಸೇರದು, ನಿಂತಲ್ಲಿ ನಿಲ್ಲರು. ಕೊಟ್ಟಿಗೆಗೆ ಹೋಗಿ ಒರೆಸಿದ್ದನ್ನೇ ಒರೆಸುವುದು. ಕರೆಂಟಿಲ್ಲದ ಮಿಷನ್ ಏನು ಮಾಡೀತು ಅಂತ ನಾನೂ ಕಾವಲು ಬಿಟ್ಟು ಹಿತ್ತಲಿನಲ್ಲಿ ಪಾತ್ರೆ ಉಜ್ಜುತ್ತಿದ್ದೆ.

ಅಷ್ಟರಲ್ಲಿ ನನ್ನ ಮೈದುನ ಕೊಟ್ಟಿಗೆ ಕಡೆಯಿಂದ ಬಂದ. ಒಳ್ಳೆಯ ಜೀವ, ಅಣ್ಣ ಅಂದರೆ ಪ್ರಾಣ. ನಗುತ್ತಾ ಹೇಳಿದ:

"ಅಣ್ಣ ಒಳ್ಳೆ ಬಸುರಿ ಸಂಕಟ ಪಡ್ತಾವ್ನೆ ಅತ್ಗೆ. ಅದುಕ್ಕೇ ಸ್ಟಾರ್ಟರ್‌ಗೆ ಕಡ್ಡಿ ಸಿಕ್ಸಿ ಬಂದಿವ್ನಿ. ಕರೆಂಟ್ ಬತ್ತಿದ್ದಂಗೇ ಅದರ ಪಾಡಿಗೆ ಅದೇ ಓಡ್ತದೆ. ಅವ್ನು ಅತ್ಲಾಗೆ ತಿರುಗಿದ್ದ, ಅವ್ನಿಗೇ ಏಳಿಲ್ಲ, ನೋಡ್ಲಿ ಅಂತ!"

ನಮ್ಮ ಕಡೆ ಪಂಪ್‌ಸೆಟ್ ಇರುವ ಗಂಡಸರಿಗೆಲ್ಲ ಗೊತ್ತಿರುವ ವಿದ್ಯೆ ಅದು. ಕರೆಂಟು ಯಾವಾಗ ಬರುತ್ತದೋ ಯಾರಿಗೆ ಗೊತ್ತು, ಕಾಯುತ್ತಾ ಕೂರುವವರು ಯಾರು? ಹಸಿರು ಗುಂಡಿ ಒತ್ತಿದ ಹಾಗೇ ಇರಲಿ ಅಂತ ಒಂದು ಬೇವಿನ ಕಡ್ಡಿಯನ್ನು ಬಿಗಿಯಾಗಿ ಸಿಕ್ಕಿಸಿ ಮನೆಗೆ ಹೋಗಿಬಿಡುತ್ತಾರೆ. ಕರೆಂಟು ಬಂದ ತಕ್ಷಣ ಪಂಪು ತಾನಾಗಿ ನೀರೆತ್ತುತ್ತದೆ. ನಾನೂ "ಹೂಂ" ಅಂದು ಪಾತ್ರೆ ಉಜ್ಜುತ್ತಲೇ ಇದ್ದೆ. ಮೈದುನ ಹೊರಟುಹೋದ.

ಒಂದು ಗಳಿಗೆ ಕಳೆದಿರಬೇಕು. ನಾಲೆಯ ಆಚೆ ಯಾರದೋ ಪಂಪು ದಡದಡ ಅಂತ ಶುರುವಾಯಿತು.

ಪಾತ್ರೆ ಉಜ್ಜುತ್ತಿದ್ದ ಕೈ ಹಾಗೇ ನಿಂತಿತು. ಆಚೆ ಕಡೆಯ ಟ್ರಾನ್ಸ್‌ಫಾರ್ಮರಿಗೆ ಲೈನ್‌ಮನ್ ಫ್ಯೂಸ್ ಹಾಕಿದ್ದಾನೆ. ಅಲ್ಲಿಂದ ಸೈಕಲ್ ಹತ್ತಿ ನಾಲೆಯ ಸೇತುವೆ ದಾಟಿದರೆ ಮುಂದಿನದು ನಮ್ಮದೇ. ಯಾವಾಗಲೂ ಅದೇ ಕ್ರಮ. ಪಂಪು ಶುರುವಾಗಿ ಆಗಲೇ ಎಷ್ಟು ಹೊತ್ತಾಯಿತೋ, ಗಾಳಿ ಈ ಕಡೆ ತಿರುಗಿದ ಮೇಲೆ ಸದ್ದು ಕೇಳಿಸಿತೋ, ದೇವರಿಗೇ ಗೊತ್ತು. ಕೊಟ್ಟಿಗೆಯಲ್ಲಿ ಕಡ್ಡಿ ಸಿಕ್ಕಿಸಿದೆ. ಇವರಿಗೆ ಅದು ಗೊತ್ತಿಲ್ಲ. ಪಂಪಿನ ಸದ್ದು ಇವರ ಕಿವಿಗೆ ಬೀಳುವುದೂ ಇಲ್ಲ.

ಓಡಿದೆ. ಒದ್ದೆ ಅಂಗಳದಲ್ಲಿ ಕಾಲು ಜಾರಿ ಮೊಣಕಾಲು ಊರಿ ಎದ್ದೆ. ಬಾಗಿಲಿಗೆ ಬಂದರೆ ಇವರು ಬೆನ್ನು ಈ ಕಡೆ ಮಾಡಿ ಬಗ್ಗಿದ್ದಾರೆ. ಎಡಗೈ, ಐದೂ ಬೆರಳಿದ್ದ ಒಳ್ಳೆಯ ಕೈ, ಮಣಿಕಟ್ಟಿನವರೆಗೆ ಚಕ್ಕಿನ ಬಾಯೊಳಗೆ. ಬಟ್ಟೆಯ ಚೂರು ಹಿಡಿದು ಒಳಗಿನ ಎಣ್ಣೆ ಒರೆಸುತ್ತಿದ್ದಾರೆ.

"ಇವ್ರೇ! ಕೈ ತೆಗೀರಿ!"

ಕೇಳಲಿಲ್ಲ. ಇನ್ನೊಂದು ಸಲ ಕಿರುಚಿದೆ. ಊಹೂಂ. ಹಿಂದಿನಿಂದ ಹಿಡಿದು ಎಳೆದುಬಿಡೋಣ ಅನ್ನಿಸಿತು. ಆದರೆ ಮುಟ್ಟಿದರೆ ಬೆಚ್ಚಿಬೀಳುವ ಮನುಷ್ಯ, ಕೈ ಒಳಗೇ ಸಿಕ್ಕಿಕೊಂಡರೆ? ಸ್ಟಾರ್ಟರ್ ಇದ್ದದ್ದು ಎದುರು ಗೋಡೆಯಲ್ಲಿ, ಅವರ ಬೆನ್ನಿಗೂ ಹುಲ್ಲಿನ ರಾಶಿಗೂ ನಡುವೆ ನುಸುಳಿ ಹೋಗಬೇಕು. ನುಸುಳಿದೆ. ಕಡ್ಡಿ ಕಾಣಿಸಿತು. ಬೆರಳಿನಲ್ಲಿ ಎಳೆದರೆ ಬರಲಿಲ್ಲ, ಪುಣ್ಯಾತ್ಮ ಅಷ್ಟು ಬಿಗಿಯಾಗಿ ಹೊಡೆದಿದ್ದ. ಕೈಯೆಲ್ಲ ಪಾತ್ರೆಯ ಬೂದಿ, ನೀರು. ಸೆರಗು ಸುತ್ತಿ ಹಿಡಿದು, ಕಾಲು ಗೋಡೆಗೆ ಕೊಟ್ಟು ಕಿತ್ತೆ. ಕಡ್ಡಿ ಕೈಗೆ ಬಂತು. ಗುಂಡಿ ಟಕ್ ಅಂತ ಹೊರಗೆ ಬಂತು.

ತಲೆ ಮೇಲಿನ ಬಲ್ಬು ಹತ್ತಿತು.

ಮಿಷನ್ ಅಲ್ಲಾಡಲಿಲ್ಲ. ಬೆಳಕು ಬಿದ್ದದ್ದಕ್ಕೆ ಇವರು ತಲೆ ಎತ್ತಿ ಬಲ್ಬು ನೋಡಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ನನ್ನ ಕೈಯಲ್ಲಿನ ಕಡ್ಡಿ, ಗೋಡೆಯ ಸ್ಟಾರ್ಟರ್, ಚಕ್ಕಿನೊಳಗೆ ಇನ್ನೂ ಇದ್ದ ತಮ್ಮ ಕೈ, ಒಂದೊಂದಾಗಿ ನೋಡಿದರು. ಕೈಯನ್ನು ಮೆಲ್ಲಗೆ ಹೊರಗೆ ತೆಗೆದು ಅಲ್ಲೇ ನೆಲಕ್ಕೆ ಕುಸಿದರು.

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೈದುನನಿಗೂ ಮಂಗಳಾರತಿ, ಲೈನ್‌ಮನ್‌ಗೂ, ಆ ಟಿ. ನರಸೀಪುರದ ವರ್ಕ್‌ಶಾಪಿಗೂ. ನಾಳೆ ಬೆಳಗ್ಗೆ ಗುಜರಿಯವನನ್ನು ಕರೆಸುತ್ತೇನೆ, ಈ ಮಾರಿ ಈ ಮನೆಯಲ್ಲಿರಬೇಕು ಇಲ್ಲ ನಾನಿರಬೇಕು ಅಂದೆ. ಅವರು ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು ಅದನ್ನೇ ನೋಡುತ್ತಾ ಕೂತಿದ್ದರು.

"ಫ್ಯಾಕ್ಟ್ರೀಲೂ ಇಂಗೇ ಆಗಿದ್ದು ಕಣಮ್ಮಿ," ಅಂದರು. "ಕರೆಂಟ್ ಓಗಿತ್ತು. ಇನ್ಯಾರೋ ಸ್ವಿಚ್ ಆನ್‌ನಲ್ಲೇ ಬುಟ್ಟೋಗಿದ್ರು. ನಾನು ಚಕ್ಕಿಗೆ ಕೈ ಆಕಿದ್ದೆ, ಕರೆಂಟ್ ಬಂದ್ಬುಡ್ತು."

"ಮತ್ತೆ ನಿಮ್ದೇ ತಪ್ಪು ಅಂತ ಊರಿಗೆಲ್ಲ ಯಾಕೇಳುದ್ರಿ?"

"ಅವ್ರೆಲ್ಲ ಅಂಗಂದ್ರು. ನಂಗೂ ಅಂಗೇ ಅನ್ನುಸ್ತು." ಕಡ್ಡಿಯನ್ನು ನೆಲಕ್ಕೆ ಇಟ್ಟರು. "ಅವತ್ತು ಸ್ವಿಚ್ ತಾವ ಯಾರೂ ಇರ್ನಿಲ್ಲ."

ಇಷ್ಟು ವರ್ಷ ಗೋಡೆ ಕಡೆ ತಿರುಗಿ ಉಂಡದ್ದು ಬರೀ ಕೈ ಮುಚ್ಚಿಕೊಳ್ಳುವುದಕ್ಕಲ್ಲ, ಮಾಡದ ತಪ್ಪನ್ನು ಹೊತ್ತುಕೊಂಡು ಅಂತ ಆಗ ತಿಳಿಯಿತು. ಅವರ ಪಕ್ಕ ಕೂತು ಆ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ. ಹೆದರಿಕೆಗೆ ಅಳು ಬರುವುದಿಲ್ಲ ಅಂದೆನಲ್ಲ, ಅದು ಹೆದರಿಕೆಯಲ್ಲ.

ಬೆಳಗ್ಗೆ ಗುಜರಿಯವನಿಗೆ ಹೇಳಿಕಳಿಸಲಿಲ್ಲ. ಎದ್ದವಳೇ ಕೊಟ್ಟಿಗೆಗೆ ಹೋಗಿ ಸ್ಟಾರ್ಟರ್ ಪಕ್ಕ ನಿಂತೆ.

"ಓಡ್ಸಿ," ಅಂದೆ. "ನಾನಿವ್ನಿ ಇಲ್ಲಿ."

ಚಕ್ಕಿನ ಬಾಯಿಯಲ್ಲಿ ಏನೂ ಇಡದೆ, ಅದನ್ನು ಬಿಗಿಯುವ ಕೀ ತೆಗೆದಿಟ್ಟು, ಇವರು ಪಕ್ಕಕ್ಕೆ ಸರಿದು ಎರಡೂ ಕೈ ಎತ್ತಿ ತೋರಿಸಿದರು. ನಾನು ಹಸಿರು ಗುಂಡಿ ಒತ್ತಿದೆ. ಮೋಟಾರು ಗುಯ್ ಎಂದಿತು, ಬೆಲ್ಟು ಎಳೆಯಿತು, ಚಕ್ಕು ತಿರುಗಿತು. ಇವರು ಆನಂದಕ್ಕೆ ಬಾಯಿ ತೆರೆದು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನೋಡುತ್ತಿದ್ದದ್ದು ಚಕ್ಕನ್ನು. ಅದು ಆ ಕಡೆಗೆ ತಿರುಗುತ್ತಿತ್ತು. ಕೆಂಪು ಗುಂಡಿಯ ಮೇಲೆ ಅಂಗೈ ಗುದ್ದಿದೆ.

"ಉಲ್ಟಾ! ಆ ಕಡೀಕೆ ಓಯ್ತಾ ಅದೆ!"

ಮಿಷನ್ ನಿಂತ ಮೇಲೆ ಇವರು ಚಕ್ಕನ್ನು ಮುಟ್ಟಿ ನೋಡಿದರು. ಆಗಲೇ ಸಡಿಲವಾಗಿತ್ತು. ಲೈನ್ ರಿಪೇರಿ ಮಾಡಿದವರು ವೈರುಗಳನ್ನು ಅದಲು ಬದಲು ಸೇರಿಸಿದ್ದರು. ಹಾಗೆ ಮಾಡಿದರೆ ಪಂಪಾದರೂ ಉಲ್ಟಾ ತಿರುಗುತ್ತದೆ, ಲೇತಾದರೂ ಅಷ್ಟೆ. ಇವರು ಮೇನ್ ತೆಗೆದು ಎರಡು ವೈರು ಬದಲಾಯಿಸಿ, ಚಕ್ಕನ್ನು ಮತ್ತೆ ಬಿಗಿದು, ನನ್ನ ಕಡೆ ತಿರುಗಿ ಹೂಂ ಅಂದರು. ಹಸಿರು ಒತ್ತಿದೆ. ಈ ಸಲ ನಮ್ಮ ಕಡೆಗೇ ತಿರುಗಿತು.

ಮೊದಲು ಕಡೆದದ್ದು ನನ್ನ ಒನಕೆಗೆ ಕಬ್ಬಿಣದ ಬಳೆ. ಮೂರು ಬೆರಳಿನಲ್ಲಿ ಲೇತಿನ ಹಿಡಿಯನ್ನು ಅಷ್ಟು ನಾಜೂಕಾಗಿ ತಿರುಗಿಸುತ್ತಿದ್ದರು, ಟವೆಲ್ ಮೊಳೆಯ ಮೇಲೆಯೇ ಇತ್ತು. ಆಮೇಲೆ ಸುತ್ತಲ ಊರಿನವರು ನೇಗಿಲಿನ ಬೋಲ್ಟು, ಪಂಪಿನ ಶಾಫ್ಟು ಹಿಡಿದುಕೊಂಡು ಬರತೊಡಗಿದರು. ಬಂದವರೆಲ್ಲ ಆ ಕೈ ನೋಡುತ್ತಾರೆ, ನೋಡಲಿ. ಹೇಗಾಯಿತು ಅಂತ ಕೇಳಿದವರಿಗೆ ಈಗ ಉತ್ತರ ಬೇರೆ.

ಕೊಟ್ಟಿಗೆಯಿಂದ ಕೂಗು ಬರುತ್ತದೆ: "ಅಮ್ಮೀ, ಸ್ವಿಚ್ ತಾವ ಬಾ!" ಒಲೆಯ ಮೇಲೆ ಹಾಲಿರಲಿ, ಮನೆಗೆ ನೆಂಟರು ಬಂದಿರಲಿ, ಎದ್ದು ಹೋಗುತ್ತೇನೆ. ಎಷ್ಟು ಸಲ ಹಾಲು ಉಕ್ಕಿ ಒಲೆ ಆರಿದೆಯೋ ಲೆಕ್ಕ ಇಟ್ಟಿಲ್ಲ. ಅವರ ಎಂಟು ಬೆರಳು ಇವತ್ತಿಗೂ ಎಂಟೇ ಇವೆ.