ಬಿರುಕಿನ ಮೇಲಿನ ಮುಳ್ಳು

ನಮ್ಮ ಮನೆಯ ಹಜಾರಕ್ಕೂ ಅಡಿಗೆಮನೆಗೂ ನಡುವಿನ ಗೋಡೆಯ ಮೇಲೆ ಮೊನ್ನೆಯವರೆಗೂ ಒಂದು ಕ್ಯಾಲೆಂಡರು ತೂಗುತ್ತಿತ್ತು. ಹೊಸೂರಿನ ಅಂಗಡಿಗಳಲ್ಲಿ ಸಿಗುವ, ದಿನಕ್ಕೊಂದು ಹಾಳೆ ಹರಿಯುವ ದಪ್ಪನೆಯ ತಮಿಳು ಕ್ಯಾಲೆಂಡರು. ಬೆಳಿಗ್ಗೆ ಎದ್ದು ನಾನು ಮೊದಲು ನೋಡುತ್ತಿದ್ದುದು ಅದನ್ನೇ. ನಿವೃತ್ತನಾದ ಕನ್ನಡ ಮೇಷ್ಟರಿಗೆ ತಾರೀಖಿನಿಂದ ಆಗಬೇಕಾದ ಘನಕಾರ್ಯ ಏನೂ ಇರುವುದಿಲ್ಲ ಎಂಬುದು ತಮಗೂ ಗೊತ್ತು. ನಾನು ನೋಡುತ್ತಿದ್ದುದು ತಾರೀಖನ್ನಲ್ಲ, ಕ್ಯಾಲೆಂಡರಿನ ಕೆಳಗಿನ ಅಂಚನ್ನು. ಅದರ ಹಿಂದೆ ಒಂದು ಬಿರುಕಿದೆ. ಹೋದ ಬೇಸಿಗೆಯಲ್ಲಿ, ಎದೆಯೆತ್ತರದಲ್ಲಿ, ಕೂದಲೆಳೆಯಷ್ಟು ಸಣ್ಣಗೆ ಹುಟ್ಟಿದ ಆ ಗೆರೆಯನ್ನು ಕಂಡ ದಿನವೇ, ನನ್ನ ಹೆಂಡತಿ ಸರೋಜ ಎಲ್ಲಿ ಗಾಬರಿಯಾಗುತ್ತಾಳೋ ಎಂದು, ಎದುರು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ತಂದು ಅದರ ಮೇಲೆ ನೇತುಹಾಕಿಬಿಟ್ಟೆ. ಅಲ್ಲಿಂದೀಚೆಗೆ ಅದನ್ನು ಎತ್ತಿ ನೋಡುವ ಧೈರ್ಯ ನನಗೆ ಬಂದಿರಲಿಲ್ಲ; ಹೊಸ ವರ್ಷಕ್ಕೆ ಕ್ಯಾಲೆಂಡರು ಬದಲಿಸುವಾಗಲೂ ಕಣ್ಣು ಮುಚ್ಚಿಕೊಂಡೇ ಬದಲಿಸಿದ್ದೆ. ಬಿರುಕು ಅಂಚಿನಿಂದ ಕೆಳಗೆ ಇಣುಕಿಲ್ಲವೆಂದು ಖಾತ್ರಿ ಮಾಡಿಕೊಂಡು, ಇವತ್ತಿನ ಮಟ್ಟಿಗೆ ಮನೆ ನಿಂತಿದೆ ಎಂದು ತೀರ್ಮಾನಿಸಿ, ಕಾಫಿಗೆ ಕೂರುತ್ತಿದ್ದೆ.

ಬಿರುಕಿನ ಮೂಲವನ್ನು ತಿಳಿಯಬೇಕಾದರೆ ತಾವು ನನ್ನೊಂದಿಗೆ ಹಿತ್ತಿಲ ಬಾಗಿಲಿನವರೆಗೆ ಬರಬೇಕು. ಹೊಸೂರಿನಿಂದ ತಳಿ ಎಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ, ಕೆಂಪು ಮಣ್ಣಿನ ರಾಗಿ ಹೊಲಗಳು ಮುಗಿದು, ಯಾರೋ ಮಸಿ ಚೆಲ್ಲಿದ ಹಾಗೆ ಕಪ್ಪಾದ ಒಂದು ಎರೆ ನೆಲ ಶುರುವಾಗುವ ಕಡೆ ನಮ್ಮ ಮನೆಯಿದೆ. ಸರ್ಕಾರದ ಕಾಗದದಲ್ಲಿ ತಮಿಳಿನ ಗಂಭೀರ ಹೆಸರಿರುವ ಆ ಬಯಲನ್ನು ಊರವರು ‘ಎರೆ ಬೀಳು’ ಎನ್ನುತ್ತಾರೆ. ದನ ಮೇಯುವುದಕ್ಕಲ್ಲದೆ ಇನ್ನಾವುದಕ್ಕೂ ಅದು ಒಗ್ಗಿದ್ದಿಲ್ಲ. ಕೃಷ್ಣಗಿರಿಯ ಮಾವಿನ ತೋಪುಗಳ ನಡುವೆ, ಕೆಂಪು ಮಣ್ಣಿನಲ್ಲಿ ಬೆಳೆದ ನನಗೆ ಆ ಕಪ್ಪು ಬಯಲಿನ ಮೌನ ಬಹಳ ಕಾವ್ಯಮಯವಾಗಿ ಕಂಡಿತು. ಅದನ್ನು ಅಡಿಗೆಮನೆಯ ಕಿಟಕಿಯಿಂದಲೇ ನೋಡಬೇಕೆಂಬ ಆಸೆಯಲ್ಲಿ ಮನೆಯನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಸಿ ಕಟ್ಟಿಸಿದೆ. ಪರಿಣಾಮವಾಗಿ ನಮ್ಮ ಹಜಾರ ಕೆಂಪು ಮಣ್ಣಿನ ಮೇಲೆ ನೆಮ್ಮದಿಯಾಗಿ ಕೂತಿದೆ. ಅಡಿಗೆಮನೆ ಮಾತ್ರ ಎರೆಯ ಮೇಲೆ, ಮಳೆಗಾಲದಲ್ಲಿ ಉಬ್ಬುತ್ತ, ಬೇಸಿಗೆಯಲ್ಲಿ ಕುಗ್ಗುತ್ತ, ಬಾಳುವೆ ನಡೆಸುತ್ತಿದೆ. ನನ್ನ ಸೌಂದರ್ಯಪ್ರಜ್ಞೆ ಮತ್ತು ನನ್ನ ಅವಿವೇಕ ಎರಡೂ ಕೈಕೈ ಹಿಡಿದುಕೊಂಡ ಜಾಗದಲ್ಲಿ ಗೋಡೆ ಬಿರಿದಿದೆ.

ಭೂಗರ್ಭಶಾಸ್ತ್ರ ಓದಿದ ಗೆಳೆಯನೊಬ್ಬ ಮನೆ ನೋಡಲು ಬಂದಿದ್ದಾಗ ಒಂದು ಸಂಗತಿ ಹೇಳಿದ. ಊಹೆಗೆ ನಿಲುಕದಷ್ಟು ಹಿಂದೆ, ಇಲ್ಲಿನ ಬಂಡೆಗಳು ಬಿರಿದಾಗ, ಭೂಮಿಯ ಹೊಟ್ಟೆಯೊಳಗಿನ ಬೆಂಕಿ ದ್ರವವಾಗಿ ಆ ಬಿರುಕುಗಳಲ್ಲಿ ಮೇಲೇರಿ ಬಂದು, ತಣ್ಣಗಾಗಿ, ಕರಿಕಲ್ಲಿನ ಉದ್ದುದ್ದ ಗೋಡೆಗಳಾಗಿ ನಿಂತಿತಂತೆ. ಆ ಕರಿಕಲ್ಲು ಬಿಸಿಲು ಮಳೆಗೆ ಶಿಥಿಲವಾಗಿ ಈ ಜಿಗುಟು ಮಣ್ಣಾಯಿತಂತೆ. ಅಂದರೆ ಗ್ಯಾಸಿನ ಒಲೆಯನ್ನು ಹೊತ್ತ ನಮ್ಮ ಅಡಿಗೆಕಟ್ಟೆಯ ನುಣುಪಾದ ಕರಿಕಲ್ಲೂ, ಅದರ ಅಡಿಯಲ್ಲಿ ಅಲುಗಾಡುವ ಮಣ್ಣೂ ಒಂದೇ ಮನೆತನದವು. ಬಿರುಕಿನಲ್ಲಿ ಹುಟ್ಟಿದ್ದು ಬಿರುಕನ್ನೇ ಹಡೆಯುತ್ತಿದೆ ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ಬೆಂಕಿಯ ವಂಶದ ಈ ನೆಲ ಇನ್ನೂ ಪೂರ್ತಿ ತಣ್ಣಗಾಗಿಲ್ಲವೇನೋ ಎಂಬ ಅಂಜಿಕೆ ಅಂದು ನನ್ನೊಳಗೆ ಹೊಕ್ಕಿತು.

ನಮ್ಮ ಕಡೆಯವರಿಗೆ ಭಯವೆಂದರೆ ಆನೆ. ಸಾನಮಾವಿನ ಕಾಡಿನಿಂದ ಹಿಂಡು ಹೊರಟಿತೆಂದರೆ ಎಲ್ಲರ ಫೋನಿಗೂ ಸುದ್ದಿ ಬರುತ್ತದೆ; ಜನ ಪಟಾಕಿ ತರುತ್ತಾರೆ, ಬಾಗಿಲು ಹಾಕುತ್ತಾರೆ. ನಾನೂ ಹಾಕುತ್ತೇನೆ, ಸ್ವಲ್ಪ ಬೇಗನೆ. ಆದರೆ ಆನೆಗೆ ಒಂದು ಸೌಜನ್ಯವಿದೆ: ಬರುವಾಗ ಸದ್ದು ಮಾಡುತ್ತದೆ, ಬಂದಮೇಲೆ ಹೋಗುತ್ತದೆ. ನೆಲ ಹಾಗಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ. ಕಾಲ ಕೆಳಗಿರುವುದಕ್ಕೇ ಹೆದರುವವನು ಯಾವ ಬಾಗಿಲು ಹಾಕಿಕೊಂಡು ಬಚಾವಾಗಬೇಕು?

ಹೆದರುಪುಕ್ಕಲರಿಗೆಲ್ಲ ಒಂದು ಹವ್ಯಾಸವಿರುತ್ತದೆ. ನನಗೆ ಹೋದ ಚಳಿಗಾಲದಲ್ಲಿ ಅಂಟಿದ್ದು ಮುಂಜಾನೆಯ ವಾಯುಸೇವನೆ. ಬೆಳ್ಳನೆಯ ಬೂಟು ತೊಟ್ಟು, ನೀರಿನ ಬಾಟಲಿ ಹಿಡಿದು, ಎರೆ ಬೀಳಿನ ಕಾಲುದಾರಿಯಲ್ಲಿ ಒಂದು ಸುತ್ತು ಹಾಕುವುದು. ಈ ಬೇಸಿಗೆಯಲ್ಲಿ ಆ ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಕೊಂಬೆಗಳು ಬಿದ್ದಿರತೊಡಗಿದವು. ಇಲ್ಲೊಂದು, ಅಲ್ಲೊಂದು, ಯಾವ ಕ್ರಮವೂ ಇಲ್ಲದೆ. ಯಾರೋ ಸೌದೆ ಹೊತ್ತವರ ಅಲಕ್ಷ್ಯವಿರಬೇಕೆಂದುಕೊಂಡೆ. ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಬೋಧಿಸಿದ ಕೈ ಸುಮ್ಮನಿರುತ್ತದೆಯೇ? ಒಂದು ದಿನ ದಾರಿಯುದ್ದಕ್ಕೂ ಇದ್ದ ಐದಾರು ಕೊಂಬೆಗಳನ್ನು ಎತ್ತಿ, ಬೇಲಿಯ ಪಕ್ಕದಲ್ಲಿ ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿದೆ. ಬೆರಳಿಗೆ ಎರಡು ಮುಳ್ಳು ಚುಚ್ಚಿದ್ದರಿಂದ ಸಮಾಜಸೇವೆಯ ತೃಪ್ತಿಯೂ ಲಭಿಸಿತು.

ಮಾರನೆಯ ಬೆಳಿಗ್ಗೆ ಅದೇ ದಾರಿಯಲ್ಲಿ ಹೆಂಗಸೊಬ್ಬಳ ಕೂಗು ಕೇಳಿತು. ನಮ್ಮ ಪಕ್ಕದ ಮನೆಯ ಮುನಿಯಮ್ಮ. ಅವಳ ಹಸು ಕೆಂದಿ, ಎಂಟು ತಿಂಗಳ ಗಬ್ಬದ್ದು, ಮುಂಗಾಲೊಂದು ಮಂಡಿಯವರೆಗೂ ನೆಲದೊಳಗೆ ಇಳಿದು, ಮುಗ್ಗರಿಸಿ ಬಿದ್ದಿತ್ತು. ಒಣಹುಲ್ಲು ಮುಚ್ಚಿದ್ದ ಬಿರುಕು. ನನ್ನ ಅಂಗೈಯಗಲ ಇದ್ದಿರಬಹುದು, ಆಳ ಮಾತ್ರ ಕಣ್ಣಿಗೆ ಸಿಗುವಂತಿರಲಿಲ್ಲ. ಹಸು ಕೊಸರಿಕೊಂಡಾಗಲೆಲ್ಲ ಆ ಕಾಲು ಇನ್ನೊಂದಿಷ್ಟು ತಿರುಚಿಕೊಳ್ಳುತ್ತಿತ್ತು. ಮುರಿದರೆ ಹಸುವೂ ಇಲ್ಲ, ಕರುವೂ ಇಲ್ಲ. ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು: ನಿನ್ನೆ ನಾನು ಮೊದಲು ಎತ್ತಿದ ಕೊಂಬೆ ಇದ್ದದ್ದು ಇದೇ ಜಾಗದಲ್ಲಿ. ಬೇಸಿಗೆ ಹುಟ್ಟಿದೊಡನೆ ಇಲ್ಲಿನ ದನ ಕಾಯುವವರು ಕೋಲು ಹಿಡಿದು ಬೀಳನ್ನೆಲ್ಲ ಸುತ್ತುವುದನ್ನು ಕಂಡಿದ್ದೆ, ಏಕೆಂದು ಕೇಳಿರಲಿಲ್ಲ. ಕೋಲು ಹಿಡಿಯವರೆಗೂ ಇಳಿದು ಹೋಗುವ ಬಿರುಕಿನ ಮೇಲೆ ಒಂದು ಮುಳ್ಳು ಹಾಕುತ್ತಾರೆ. ಮುಳ್ಳು ಕಂಡ ದನ ಸುತ್ತಿ ಹೋಗುತ್ತದೆ. ಓದು ಬಾರದ ಹಸು ಓದಿಕೊಳ್ಳುತ್ತಿದ್ದ ಬರಹವನ್ನು ಮೇಷ್ಟರು ಅಳಿಸಿಹಾಕಿದ್ದರು.

ತಪ್ಪು ಮಾಡಿದವನಿಗೆ ಉಪಕಾರದ ಆತುರ ಹೆಚ್ಚು. ನಮ್ಮ ಕೆಂಪು ಮಣ್ಣಿನಲ್ಲಿ ಹೂತ ಗೂಟವನ್ನು ಕೀಳಬೇಕಾದರೆ ಬುಡಕ್ಕೆ ನೀರು ಹಾಕುತ್ತಿದ್ದೆವು, ಮಣ್ಣು ಸಡಿಲವಾಗುತ್ತಿತ್ತು. ಆ ವಿದ್ಯೆಯನ್ನು ನೆನೆದು ಬಾಟಲಿಯ ಮುಚ್ಚಳ ತೆಗೆದು ಬಿರುಕಿಗೆ ಸುರಿದೆ.

“ಅಯ್ಯೋ, ಉಯ್ಬ್ಯಾಡಿ ಮೇಷ್ಟ್ರೆ! ಎರೆ ನೆನುದ್ರೆ ಬುಡ್ತದಾ? ಕಾಲು ಕಚ್ಕಂಡ್ ಕುಂತ್ಕತದೆ!” ಎಂದು ಚೀರಿದ ಮುನಿಯಮ್ಮ, ಮನೆಯ ಕಡೆ ತಿರುಗಿ ತನ್ನ ತಮ್ಮನನ್ನು ಕೂಗಿದಳು: “ತಿಮ್ಮಾ, ಬಾರ್ಲಾ! ಹಾರೆ ತತ್ತಾರ್ಲಾ, ಗೋಣಿಚೀಲಾನೂ ತತ್ತಾ!”

ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ತಿಮ್ಮರಾಯ ಅಂದು ಮಧ್ಯಾಹ್ನದ ಷಿಫ್ಟಿನವನಾದ್ದರಿಂದ ಮನೆಯಲ್ಲಿದ್ದ. ಅದು ಯಾರ ಪುಣ್ಯವೋ ಕಾಣೆ. ಅವನು ಗೋಣಿಚೀಲವನ್ನು ಹಸುವಿನ ಕಣ್ಣಿಗೆ ಕಟ್ಟಿದ. ಕತ್ತಲಾಯಿತೆಂದು ಅದು ಕೊಸರುವುದನ್ನು ನಿಲ್ಲಿಸಿತು. ಕಾಲಿನಿಂದ ಒಂದು ಗೇಣು ದೂರದಲ್ಲಿ ಹಾರೆಯಿಂದ ನೆಟ್ಟಗೆ ಗುಂಡಿ ಇಳಿಸುತ್ತ, ನಡುವೆ ಉಳಿದ ಮಣ್ಣನ್ನು ಕೈಯಿಂದಲೇ ಗುಂಡಿಯ ಕಡೆಗೆ ಮುರಿದು ತೆಗೆಯುತ್ತ ಹೋದ. ನಾನು ಹಾಕಿದ ನೀರಿನ ಭಾಗ ಮಾತ್ರ ಅಂಟಿನಂತಾಗಿ, ಅಲ್ಲಿಯೇ ಅವನಿಗೆ ಹೆಚ್ಚು ಹೊತ್ತು ಹಿಡಿಯಿತು. ನನಗೆ ವಹಿಸಿದ ಕೆಲಸ ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು. ಹಾರೆಯ ಒಂದೊಂದು ಏಟಿಗೂ ಮೂಳೆ ಮುರಿದ ಸದ್ದು ಕೇಳಿದಂತಾಗುತ್ತಿತ್ತು. ಹಸುವಿನ ಬಿಸಿಯುಸಿರು ನನ್ನ ಕೈಮೇಲೆ ಬೀಳುತ್ತಿತ್ತು; ನನ್ನ ಕೈ ನಡುಗುತ್ತಿರುವುದು ಅದಕ್ಕೂ ತಿಳಿದು ಅದೂ ಹೆದರಬಹುದೆಂಬ ಭಯ ಬೇರೆ. ಬದುಕಿನಲ್ಲಿ ಅಷ್ಟು ಶ್ರದ್ಧೆಯಿಂದ ನಾನು ಯಾವ ದೇವರನ್ನೂ ಬೇಡಿದವನಲ್ಲ.

ಕೊನೆಗೂ ಕಾಲು ಮೇಲೆ ಬಂತು. ಚರ್ಮ ಸುಲಿದು ಹೋಗಿತ್ತು. ಕೆಂದಿ ಎದ್ದು ಮೂರು ಕಾಲಿನಲ್ಲಿ ನಿಂತಿತೇ ಹೊರತು ನಾಲ್ಕನೆಯದನ್ನು ಊರಲಿಲ್ಲ. ಮೂಳೆ ಮುರಿದಂತಿಲ್ಲ, ಆದರೆ ಕಾಲೂರುವವರೆಗೂ ಏನೂ ಹೇಳಲಾಗದು ಎಂದರು ಬಂದು ನೋಡಿದ ದನದ ಡಾಕ್ಟರು.

ಆಮೇಲಿನ ಎರಡು ದಿನ ನಾನು ಮನೆಯಿಂದ ಹೊರಬೀಳಲಿಲ್ಲ. ಅಡಿಗೆಮನೆಯ ಆ ಕಾವ್ಯಮಯ ಕಿಟಕಿಯಿಂದ ಮುನಿಯಮ್ಮನ ಕೊಟ್ಟಿಗೆ ಕಾಣುತ್ತದೆ. ಕೆಂದಿ ಕಾಲನ್ನು ಎತ್ತಿಕೊಂಡೇ ನಿಂತಿರುತ್ತಿತ್ತು. ಹೋಗಿ ಹೇಳಿಬಿಡಬೇಕೆಂದು ಹಲವು ಸಲ ಚಪ್ಪಲಿ ಮೆಟ್ಟಿ, ಅಷ್ಟೇ ಸಲ ಬಿಟ್ಟೆ. ಶಾಲೆಯಲ್ಲಿ ತಪ್ಪೊಪ್ಪಿಕೊಂಡ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನು. ಒಪ್ಪಿಕೊಳ್ಳುವುದಕ್ಕೆ ಎಷ್ಟು ಎದೆ ಬೇಕೆಂಬುದು ಆಗ ಗೊತ್ತಿರಲಿಲ್ಲ. ಮೂರನೆಯ ಬೆಳಿಗ್ಗೆ ಕೆಂದಿ ಗೊರಸನ್ನು ನೆಲಕ್ಕೆ ತಾಕಿಸಿ, ತೆಗೆದು, ಮತ್ತೆ ತಾಕಿಸಿ, ನಿಧಾನವಾಗಿ ಭಾರ ಬಿಟ್ಟಿತು. ನಾನು ಬರಿಗಾಲಿನಲ್ಲೇ ಓಡಿದೆ. ಹಸು ನಿಂತಮೇಲೆ ಧೈರ್ಯ ಬಂತೆಂಬುದು ನನ್ನ ಪೌರುಷದ ಅಳತೆ.

“ಮುನಿಯಮ್ಮ, ಮುಳ್ಳು ತೆಗೆದವನು ನಾನೇ” ಎಂದೆ.

ಅವಳು ಸಗಣಿ ಬಾಚುವುದನ್ನು ನಿಲ್ಲಿಸಲಿಲ್ಲ. “ಗೊತ್ತು ಬುಡಿ ಮೇಷ್ಟ್ರೆ, ಕೆಂದಿ ಬಿದ್ದ ದಿನ್ವೇ ಬೇಲಿತಾವ ನೋಡಿದ್ನಲ್ಲ. ಬ್ಯಾರೆಯೋರಾಗಿದ್ರೆ ಎಲ್ಲೆಂದ್ರಲ್ಲಿ ಬಿಸಾಕಿರೋರು. ಮುಳ್ಳನ್ನ ಪುಸ್ತಕ ಜೋಡಿಸ್ದಂಗೆ ಜೋಡಿಸೋರು ಈ ಊರಾಗೆ ಇನ್ಯಾರವ್ರೆ?”

“ಮತ್ತೆ ಬೈಯಲಿಲ್ಲವಲ್ಲ?”

“ಕ್ವಾಪ ಬರ್ದೆ ಇರ್ತದಾ? ಆದ್ರೆ ನೀವಾಗ್ಲೆ ನಡುಗ್ತಾ ಕುಂತಿದ್ರಿ. ನಾನು ಬೇರೆ ಹೆದುರ್ಸ್ಲಾ?” ಎಂದು ಬಾಂಡಲಿ ಎತ್ತಿಕೊಂಡವಳು, “ನಾಳಿಕ್ಕೆ ಕೋಲು ತಗಂಡ್ ಬನ್ನಿ. ತೆಗೆದೋರೇ ಹಾಕ್ಬೇಕು” ಎಂದಳು.

ಹೋದೆ. ಈಗಲೂ ಹೋಗುತ್ತಿದ್ದೇನೆ. ಕೋಲು ಇಳಿಸಿದಾಗ ಅದು ಒಳಗೊಳಗೇ ಜಾರಿ, ಮುಷ್ಟಿ ನೆಲಕ್ಕೆ ತಗಲುವ ಗಳಿಗೆಯಲ್ಲಿ ಇವತ್ತಿಗೂ ಬೆಚ್ಚಿ ಕೈಯನ್ನು ಹಿಂದೆಳೆದುಕೊಳ್ಳುತ್ತೇನೆ. ಮುನಿಯಮ್ಮನೂ ಹೆದರುತ್ತಾಳೆ; ಅದನ್ನು ಅವಳ ಕಾಲಿಡುವ ರೀತಿಯಲ್ಲೇ ಕಂಡಿದ್ದೇನೆ. ವ್ಯತ್ಯಾಸವಿಷ್ಟೆ: ಅವಳು ತನ್ನ ಭಯವನ್ನು ಎಲ್ಲರಿಗೂ ಕಾಣುವಂತೆ ದಾರಿಯ ಮೇಲಿಟ್ಟು ಮನೆಗೆ ಹೋಗುತ್ತಾಳೆ, ನಾನು ನನ್ನದನ್ನು ಮನೆಯೊಳಗೆ, ಕ್ಯಾಲೆಂಡರಿನ ಹಿಂದೆ ಇಟ್ಟುಕೊಂಡಿದ್ದೆ.

ಆ ಯೋಚನೆ ಬಂದ ಬೆಳಿಗ್ಗೆಯೇ, ಅಂದರೆ ಮೊನ್ನೆ, ಗೋಡೆಯ ಮುಂದೆ ನಿಂತು, ಕಣ್ಣನ್ನು ಅರ್ಧ ಮುಚ್ಚಿ, ಕ್ಯಾಲೆಂಡರನ್ನು ಮೊಳೆಯಿಂದ ತೆಗೆದೆ. ಬಿರುಕು ಇತ್ತು. ನಾನು ಮುಚ್ಚಿಟ್ಟಾಗ ಇದ್ದುದಕ್ಕಿಂತ ಒಂದು ಗೇಣು ಉದ್ದವಾಗಿತ್ತು. ನನ್ನನ್ನು ನಿಂತಲ್ಲೇ ನಿಲ್ಲಿಸಿದ್ದು ಅದಲ್ಲ. ಬಿರುಕಿನ ಉದ್ದಕ್ಕೂ, ಅದು ಇಳಿದಿಳಿದು ಬಂದ ಹಾಗೆಲ್ಲ, ಪೆನ್ಸಿಲಿನ ಪುಟ್ಟ ಅಡ್ಡಗೀಟುಗಳಿದ್ದವು. ಪ್ರತಿ ಗೀಟಿನ ಪಕ್ಕದಲ್ಲಿ ತಾರೀಖು. ಡಬ್ಬಿಗಳ ಮೇಲೆ ‘ಸಾಸಿವೆ’, ‘ಮೆಂತ್ಯ’ ಎಂದು ಬರೆಯುವ ಅದೇ ದುಂಡನೆಯ ಅಕ್ಷರ. ದಿನವೂ ನನಗಿಂತ ಮೊದಲೆದ್ದು ಹಾಳೆ ಹರಿಯುತ್ತಿದ್ದವಳು ಸರೋಜ. ಕೊನೆಯ ಗೀಟು ಅಂದಿನ ಬೆಳಗಿನದು.

ಕಾಫಿ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. “ನೋಡ್ಬುಟ್ರಾ?” ಎಂದಳು. “ನೀವು ಹೆದರ್ಕಂತೀರ ಅಂತ ನಾನೇ ಹೇಳಿರ್ಲಿಲ್ಲ.”

ಕ್ಯಾಲೆಂಡರು ಈಗ ಹಳೆಯ ಜಾಗಕ್ಕೆ, ಎದುರು ಗೋಡೆಗೆ, ವಾಪಸಾಗಿದೆ. ಗೋಡೆ ನೋಡಲು ತಿಳಿದವರೊಬ್ಬರನ್ನು ಬರಹೇಳಿದ್ದೇವೆ. ಅವರು ಏನು ಹೇಳುತ್ತಾರೋ ಎಂದು ಇಬ್ಬರಿಗೂ ಪುಕುಪುಕು. ಬೆಳಿಗ್ಗೆ ಎದ್ದು ನಾನು ಮೊದಲು ನೋಡುವುದು ಈಗಲೂ ಅದೇ ಬಿರುಕನ್ನು. ಗೀಟು ಎಳೆಯುವವಳು ಸರೋಜ, ಪೆನ್ಸಿಲು ಚೂಪು ಮಾಡಿಕೊಡುವವನು ನಾನು.