ಹನ್ನೊಂದು ಗಂಟೆಯ ಜಮಖಾನೆ

ಈ ಬೆಳಿಗ್ಗೆ ಬಿಸಿಲಿಗೆ ಹಾಕಲೆಂದು ಅಟ್ಟದಿಂದ ಹಳೆಯ ಜಮಖಾನೆ ಇಳಿಸಿದೆ. ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಬಂತು; ಅದರ ಬೆನ್ನಿಗೆ ನನ್ನ ತಪ್ಪೂ ನೆನಪಾಯಿತು.

ನಾನು ಡ್ರಿಲ್ ಮಾಸ್ತರನಾಗಿದ್ದವನು. ಐದೂವರೆಗೆ ಏಳಬೇಕು, ಹಾಸಿಗೆ ಸುತ್ತಬೇಕು, ಹೊತ್ತು ಮುಳುಗುವ ತನಕ ನೆಲಕ್ಕೆ ಬೆನ್ನು ಹಚ್ಚಬಾರದು. ಬೈರಿದೇವರಕೊಪ್ಪದ ನಮ್ಮ ಮನೆಯಲ್ಲೂ ಅದೇ ಕಾಯ್ದೆ. ನಿವೃತ್ತಿಯಾದ ಮೇಲೆ ಸೀಟಿ ಊದಿ ಓಡಿಸಲು ಶಾಲೆಯ ಮಕ್ಕಳಿರಲಿಲ್ಲ. ಹೆಂಡತಿ ಶಾಂತವ್ವ ಒಬ್ಬಳೇ ಸಿಕ್ಕಳು ನೋಡಿ.

ಅವಳೋ, ಹನ್ನೊಂದಕ್ಕೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಪಡಸಾಲೆಯಲ್ಲಿ ಈ ಜಮಖಾನೆ ಹಾಸಿ ಮಲಗತೊಡಗಿದಳು. ನಾನು ಇದನ್ನು ಅಟ್ಟಕ್ಕೇರಿಸಿದೆ. ಅವಳು ಬರಿ ನೆಲದ ಮೇಲೆ ಮಲಗಿದಳು. ಒಂದು ದಿನ ದುರ್ಗದಬೈಲಿನ ಅರಿವೆ ಅಂಗಡಿಯಲ್ಲಿ, ಗಿರಾಕಿಗಳೆದುರೇ, ಬಿಳಿ ಗಾದಿಯ ಮೇಲೆ ಅಡ್ಡಾದಳು. ನನಗೆ ನಾಚಿಕೆಯಾಯಿತು. ಅವತ್ತೇ ದವಾಖಾನೆಗೆ ಕರೆದೊಯ್ದೆ. ಕಾಳಜಿಯಿಂದಲ್ಲ, ವಾದ ಗೆಲ್ಲಲು.

ಹರೆಯದ ಡಾಕ್ಟರಮ್ಮನ ಮುಂದೆ ದೂರು ಒಪ್ಪಿಸಿದೆ. "ನಿಂತ್ರ ದಮ್ಮು ಹತ್ತತೈತಿ, ಮಲಕೊಂಡ್ರ ಆರಾಮ ಅಂತಾಳ. ಇದೆಲ್ಲಿ ರೋಗರೀ? ಬರೇ ಮೈಗಳ್ಳತನ."

ಬರೆಯುತ್ತಿದ್ದ ಅವರ ಕೈ ನಿಂತಿತು. "ಸರ್, ಈಗ ಹೇಳಿದ್ದನ್ನ ಇನ್ನೊಮ್ಮೆ ಹೇಳ್ರಿ."

ದಮ್ಮಿನವರು ಸಾಮಾನ್ಯವಾಗಿ ಮಲಗಿದರೆ ಒದ್ದಾಡಿ, ಎದ್ದು ಕೂತರೆ ಸುಧಾರಿಸುತ್ತಾರಂತೆ. ಇವಳದು ತಿರುಗಾಮುರುಗಾ. ಅವಳ ಬೆರಳಿಗೆ ಅಳತೆಯ ಕ್ಲಿಪ್ಪು ಹಾಕಿ ಎದ್ದು ನಿಲ್ಲಿಸಿದರು; ಆಮ್ಲಜನಕದ ಅಂಕಿ ಸರಸರ ಇಳಿಯಿತು. ಮಲಗಿಸಿದರು, ಏರಿತು. ಸ್ಕ್ಯಾನಿನಲ್ಲಿ ಕಾರಣ ಸಿಕ್ಕಿತು. ಪುಪ್ಪುಸದ ಕೆಳಭಾಗದಲ್ಲಿ ಎರಡು ರಕ್ತನಾಳ ನೇರವಾಗಿ ಕೂಡಿಕೊಂಡಿದ್ದವು. ಹಾಜರಿ ಕೊಡದೆ ಹಿಂಬಾಗಿಲಿನಿಂದ ಜಾರುವ ಹುಡುಗರ ಹಾಗೆ ರಕ್ತ ಗಾಳಿ ಮುಟ್ಟದೆಯೇ ವಾಪಸು ಹೊರಡುತ್ತಿತ್ತು; ನಿಂತಾಗ ಇನ್ನೂ ಹೆಚ್ಚು. ಅದೇ ದಾರಿಯಲ್ಲಿ ರಕ್ತದ ಸಣ್ಣ ಹೆಪ್ಪೊಂದು ಜಾರಿದರೂ ಮಿದುಳಿಗೆ ಏಟು ಎಂದರು. ಅಪರೂಪದ ತೊಂದರೆ, ತಡ ಮಾಡುವಂತಿಲ್ಲ.

ತೊಡೆಯ ನಾಳದಿಂದ ತೆಳುವಾದ ಕೊಳವೆ ಹಾಯಿಸಿ, ಲೋಹದ ಪುಟ್ಟ ಸುರುಳಿಗಳನ್ನಿಟ್ಟು ಆ ಹಿಂಬಾಗಿಲು ಮುಚ್ಚಿದರು. ಅವಳು ಎಚ್ಚರವಾಗಿಯೇ ಇದ್ದಳಂತೆ. ನಾನು ಹೊರಗೆ ಬೆಂಚಿನ ಮೇಲೆ ಬೆನ್ನು ಸೆಟೆಸಿ, ಡ್ರಿಲ್ಲಿನ ಸಾವಧಾನ ಭಂಗಿಯಲ್ಲಿ ಕೂತಿದ್ದೆ. ಬೇರೆ ಹೇಗೆ ಕೂಡಬೇಕೋ ತಿಳಿಯಲಿಲ್ಲ.

ಮರುದಿನ ಅವಳು ತಾನೇ ಎದ್ದು ನಿಂತಳು. ನೀಲಿಗಟ್ಟಿದ್ದ ಉಗುರು ಕೆಂಪೇರಿದ್ದವು. ಕ್ಷಮೆ ಕೇಳಲು ನಾನು ಮಾತು ಜೋಡಿಸುತ್ತಿದ್ದಾಗ ಅಂದಳು: "ನೀವು ಚಾಡಿ ಹೇಳಿದ್ದಕ್ಕ ಉಳಕೊಂಡ್ನಿ ನೋಡ್ರಿ."

ನನ್ನ ಚಾಡಿಯಲ್ಲೂ ಅವಳ ನೋವನ್ನು ಕೇಳಿಸಿಕೊಂಡ ಆ ಡಾಕ್ಟರಮ್ಮನನ್ನು ದಿನಾ ಐದೂವರೆಗೆ ನೆನೆಯುತ್ತೇನೆ. ಈಗ ಅದೂ ಕಾಯ್ದೆ.

ಬಿಸಿಲುಂಡ ಜಮಖಾನೆಯನ್ನು ಅಟ್ಟಕ್ಕೇರಿಸಲು ಮನಸ್ಸಾಗಲಿಲ್ಲ. ಹನ್ನೊಂದಕ್ಕೆ ಪಡಸಾಲೆಯಲ್ಲಿ ಹಾಸಿ, ನಾನೇ ಬೆನ್ನು ಹಚ್ಚಿದೆ. ಒಳಗೆ ಶಾಂತವ್ವ ರೊಟ್ಟಿ ಬಡಿಯುವ ಸದ್ದು. ಕಣ್ಣು ಮುಚ್ಚಿ ಕೇಳುತ್ತಿದ್ದೆ. ನಡುವೆ ಎಲ್ಲೂ ಅದು ನಿಲ್ಲಲಿಲ್ಲ.